ಕಾವಲುನಾಯಿಯ ಜಾಡ್ಯವೂ ಒಕ್ಕಲಿಗನ ವೆಚ್ಚವೂ

ಎತ್ತಿಗೆ ಜಾಡ್ಯ ಬಂದರೆ ಒಕ್ಕಲಿಗನು ಯಾರನ್ನೂ ಕೇಳದೆ ಪಶುವೈದ್ಯರಲ್ಲಿಗೆ ಓಡುವನು. ಆಕಳು ಈಯಲಾರದೆ ಕಷ್ಟಪಟ್ಟರೆ ನಡುರಾತ್ರಿಯಲ್ಲಿಯೂ ವಾಹನವನ್ನು ಗೊತ್ತುಮಾಡುವನು. ಆದರೆ ಹನ್ನೆರಡು ತಿಂಗಳೂ ಕಣವನ್ನೂ ಹೊಲವನ್ನೂ ಕುರಿಹಟ್ಟಿಯನ್ನೂ ಕಾಯುವ ನಾಯಿಯು ಒಂದು ದಿನ ಏಳಲಾರದೆ ಬಿದ್ದರೆ, ಅದೇ ಒಕ್ಕಲಿಗನಿಗೆ ಏನು ಮಾಡಬೇಕೆಂಬುದು ತೋಚದಂತಾಗುವುದು. ವೆಚ್ಚ ಮಾಡಿದರೆ ನೆರೆಯವರು ನಗುವರು. ಮಾಡದಿದ್ದರೆ ಮನೆಯ ಮಕ್ಕಳು ಅಳುವರು. ಈ ಎರಡರ ನಡುವೆ ಎರಡು ದಿನಗಳು ಕಳೆದುಹೋಗುವುವು. ನಾಯಿಯು ಉಳಿಯುವುದೋ ಅಳಿಯುವುದೋ ಎಂಬುದು ಅನೇಕ ಸಲ ಆ ಎರಡು ದಿನಗಳಲ್ಲಿಯೇ ತೀರ್ಮಾನವಾಗಿಬಿಡುವುದು.

ಡಂಬಳದಂಥ ಊರಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಒಂದು ಕಡೆಗೆ ದೊಡ್ಡ ಕೆರೆ ಮತ್ತು ಎರೆಯ ಹೊಲಗಳು; ಇನ್ನೊಂದು ಕಡೆಗೆ ಕಪ್ಪತಗುಡ್ಡದ ಸಾಲು. 2019ರಲ್ಲಿ ವನ್ಯಜೀವಿಧಾಮವೆಂದು ಸಾರಲ್ಪಟ್ಟ ಆ ಗುಡ್ಡದಲ್ಲಿ ತೋಳ, ಕತ್ತೆಕಿರುಬ, ಚಿರತೆಗಳು ಇರುವುವು. ಸುತ್ತಲಿನ ಹೊಲಗಳಲ್ಲಿ ಕುರಿಯ ಹಿಂಡುಗಳು ತಂಗುವುವು. ಇಂಥಲ್ಲಿ ನಾಯಿಯು ಪಡಸಾಲೆಯ ಅಲಂಕಾರವಲ್ಲ. ರಾತ್ರಿಯ ಹೊತ್ತು ಹಿಂಡಿನ ಅಂಚಿನಲ್ಲಿ ಮಲಗಿ, ಗಾಳಿಯಲ್ಲಿ ಬಂದ ವಾಸನೆಗೆ ಮೊದಲು ಎದ್ದು ನಿಲ್ಲುವ ಪ್ರಾಣಿ ಅದು. ಅದು ಇಲ್ಲದ ರಾತ್ರಿ ಕುರುಬನಿಗೆ ನಿದ್ರೆಯಿಲ್ಲ. ಆದರೂ ಒಕ್ಕಲುತನದ ಲೆಕ್ಕದ ಪುಸ್ತಕವನ್ನು ಬರೆದಿಡುವ ದೊಡ್ಡ ಹಿಡುವಳಿದಾರರು ಸಹ ಅದರಲ್ಲಿ ನಾಯಿಗೆಂದು ಒಂದು ಸಾಲನ್ನು ಬಿಟ್ಟಿರುವುದು ಅಪರೂಪ.

ಅಂಥ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಹಿಂಗಾರಿ ಬಿಳಿಜೋಳದ ರಾಶಿ ಮುಗಿಯುವ ಕಾಲ. ಕಣದಲ್ಲಿ ಆರು ವರ್ಷದ ನಾಯಿ. ಮನೆಯ ಕಿರಿಯ ಮಗಳು ಬೆಳೆಸಿದ್ದು. ಒಂದು ಸಂಜೆ ಅದು ಹಾಲುರೊಟ್ಟಿಯನ್ನು ಮೂಸಿ ಮುಖ ತಿರುಗಿಸುವುದು. ದೃಷ್ಟಿಯಾಗಿದೆಯೆಂದು ಮನೆಯ ಹಿರಿಯಳು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಳು. ಮರುದಿನ ಮೈ ಸುಡುವುದು. ಜ್ವರಕ್ಕೆಂದು ಮನುಷ್ಯರ ಗುಳಿಗೆಯನ್ನು ಬೆಲ್ಲದಲ್ಲಿಟ್ಟು ನುಂಗಿಸುವರು. ಮೂರನೆಯ ದಿನ ಅದರ ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗುವುದು. ತುಟಿಯನ್ನು ಎತ್ತಿ ನೋಡಿದರೆ ವಸಡು ಸುಣ್ಣ ಬಳಿದಂತೆ ಬೆಳ್ಳಗೆ. ನಾಲ್ಕನೆಯ ದಿನ, ರಾಶಿಯ ಚೀಲಗಳನ್ನು ಸಾಗಿಸಲು ಬಂದ ವಾಹನದಲ್ಲಿ ಅದನ್ನು ಮಲಗಿಸಿಕೊಂಡು ಸುಮಾರು ಇಪ್ಪತ್ತು ಕಿಲೋಮೀಟರು ದೂರದ ಗದಗಕ್ಕೆ ಒಯ್ಯುವರು. ರಕ್ತ ಪರೀಕ್ಷೆಯಾಗುವುದು. ಉಣ್ಣಿಜ್ವರ, ರಕ್ತವು ತೀರಾ ಕಡಿಮೆಯಾಗಿದೆ, ಬೇರೆ ನಾಯಿಯ ರಕ್ತ ಕೊಡಬೇಕಾದೀತು ಎಂದು ವೈದ್ಯರು ಹೇಳುವರು. ಆಗ ಆ ಒಕ್ಕಲಿಗನು ಕೇಳಿದಷ್ಟನ್ನೂ ಕೊಡುವನು. ಹೊಸ ಜೋಳದ ಹಣದಲ್ಲಿ ಒಂದು ಪಾಲು ಮೂರು ದಿನಗಳಲ್ಲಿ ಕರಗುವುದು, ನಾಯಿಯೂ ಉಳಿಯುವುದಿಲ್ಲ. ಮೊದಲನೆಯ ಸಂಜೆಯೇ ಹೊರಟಿದ್ದರೆ ಇದರ ಸಣ್ಣ ಅಂಶದಲ್ಲಿ ಗುಣವಾಗುವ ಸಂಭವವಿತ್ತೆಂಬುದನ್ನು ಅವನು ಊರಿಗೆ ಹಿಂದಿರುಗುವಾಗ ತಿಳಿಯುವನು.

ಈ ಒಕ್ಕಲಿಗನು ಮಾಡಿದ ತಪ್ಪು ಹೆಚ್ಚು ವೆಚ್ಚ ಮಾಡಿದ್ದಲ್ಲ, ತಡವಾಗಿ ವೆಚ್ಚ ಮಾಡಿದ್ದು. ನಾಯಿಗೆ ಹಣ ಹಾಕುವುದು ಯುಕ್ತವೋ ಅಯುಕ್ತವೋ ಎಂಬ ಚರ್ಚೆಯನ್ನು ಅದು ಬಿದ್ದ ಮೇಲೆ ಮಾಡತಕ್ಕದ್ದಲ್ಲ. ಅದು ಗಟ್ಟಿಮುಟ್ಟಾಗಿ ಓಡಾಡುತ್ತಿರುವಾಗಲೇ, ಬೀಜ ಗೊಬ್ಬರಗಳ ಲೆಕ್ಕ ಹಾಕುವ ಹೊತ್ತಿಗೇ, ಮಾಡಿ ಮುಗಿಸತಕ್ಕದ್ದು.

ನಗುವ ನೆರೆಯವರಿಗೆ ಉತ್ತರ ಕೊಡಬೇಕಾದರೆ ಕನ್ನಡನಾಡಿನಲ್ಲಿಯೇ ಒಳ್ಳೆಯ ಉತ್ತರವುಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಬೇಕಾದುದನ್ನು ಕೇಳೆಂದು ಗಂಗರ ಬೂತುಗನು ಹೇಳಲು, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಚಲ್ಲೇಶ್ವರ ದೇವಾಲಯದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಪೂಜಾರಿಗೆ ಪಾಪವನ್ನೂ ವಿಧಿಸಲಾಯಿತು. ತುಂಗಭದ್ರೆಯ ಆಚೆಯ ಮೈಲಾರದಲ್ಲಿ ಗೊರವರು ದೇವರ ನಾಯಿಗಳೆಂದು ತಮ್ಮನ್ನು ಕರೆದುಕೊಂಡು ಸೇವೆ ಸಲ್ಲಿಸುವುದನ್ನು ಈ ಭಾಗದ ಜನರು ಪ್ರತಿ ವರ್ಷ ಜಾತ್ರೆಯಲ್ಲಿ ನೋಡುವರು. ನಾಯಿಗೆ ಭೂಮಿಯನ್ನೇ ಬಿಟ್ಟ ನಾಡಿನಲ್ಲಿ ಒಂದು ಸೂಜಿಮದ್ದಿನ ಹಣಕ್ಕಾಗಿ ನಾಚಬೇಕಾದ ಕಾರಣವಿಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಮುಧೋಳದ ಬೇಟೆನಾಯಿಯನ್ನು 2016ರಲ್ಲಿ ಮೀರತ್ತಿನ ಸೈನ್ಯಕೇಂದ್ರಕ್ಕೆ ತರಬೇತಿಗಾಗಿ ಒಯ್ದ ಮೇಲೆ ನಮ್ಮ ಕಡೆಯಲ್ಲಿ ಆ ತಳಿಯ ಮರಿಗಳಿಗೆ ಬೇಡಿಕೆ ಹೆಚ್ಚಿತು, ಅದು ಒಳ್ಳೆಯದೇ. ಆದರೆ ಮುಧೋಳದ ಮರಿಗೋ ಪರದೇಶದ ತಳಿಯ ಮರಿಗೋ ಸಾವಿರಗಟ್ಟಲೆ ಎಣಿಸಿಕೊಟ್ಟು, ಅದರ ಕೊರಳಿಗೆ ಹಿತ್ತಾಳೆಯ ಸರಪಳಿ ಹಾಕಿ, ಲಸಿಕೆಯ ವಿಷಯ ಬಂದಾಗ ನಾಳೆ ನೋಡೋಣವೆನ್ನುವ ಗೃಹಸ್ಥರನ್ನು ಕಂಡರೆ ಸರಪಳಿಯ ಹಣದಲ್ಲಿಯೇ ಆ ಕೆಲಸ ಆಗುತ್ತಿತ್ತಲ್ಲಾ ಎನಿಸುವುದು.

ಹಠಾತ್ತಾಗಿ ಬಂದಂತೆ ತೋರುವ ಜಾಡ್ಯಗಳಲ್ಲಿ ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಿಸತಕ್ಕದ್ದು ಉಣ್ಣಿಯಿಂದ ಬರುವ ಜ್ವರಗಳು. ಇವು ಹಠಾತ್ತಾಗಿ ಬರುವುದೂ ಅಲ್ಲ. ಒಳಗೇ ಬೆಳೆದು ಒಂದು ದಿನ ಹೊರಗೆ ಕಾಣುವುವು. ಬಬೇಸಿಯ ಎಂಬ ಸೂಕ್ಷ್ಮಜೀವಿಯು ರಕ್ತದ ಕೆಂಪು ಕಣಗಳೊಳಗೆ ಸೇರಿ ಅವುಗಳನ್ನು ಒಡೆಯುವುದು. ಅದರ ಒಂದು ಬಗೆಯನ್ನು 1910ರಲ್ಲಿ ಪ್ಯಾಟನ್ ಎಂಬ ವೈದ್ಯನು ಮದ್ರಾಸಿನ ಬೇಟೆನಾಯಿಗಳ ರಕ್ತದಲ್ಲಿಯೇ ಮೊದಲು ಕಂಡು ವರ್ಣಿಸಿದನು. ಎಂದರೆ ಇದು ನಮ್ಮ ನೆಲದ ಹಳೆಯ ಜಾಡ್ಯ. ಎರ್ಲಿಕಿಯ ಎಂಬ ಇನ್ನೊಂದನ್ನು 1935ರಲ್ಲಿ ಆಫ್ರಿಕದ ಅಲ್ಜೀರಿಯದಲ್ಲಿ ಗುರುತಿಸಿದರು. ಇದು ರಕ್ತವು ಹೆಪ್ಪುಗಟ್ಟುವ ಶಕ್ತಿಯನ್ನು ಕುಂದಿಸುವುದರಿಂದ ಕೆಲವು ನಾಯಿಗಳಿಗೆ ಮೂಗಿನಿಂದ ರಕ್ತ ಸುರಿಯುವುದು. ವಿಯೆಟ್ನಾಮ್ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ನೂರಾರು ನಾಯಿಗಳು ಈ ಜಾಡ್ಯದಿಂದಲೇ ಸತ್ತವು. ಅಷ್ಟು ದೊಡ್ಡ ಸೈನ್ಯದ ನಾಯಿಗಳನ್ನೇ ಬಿಡದ ಉಣ್ಣಿಯು ಡಂಬಳದ ಕಣದ ನಾಯಿಯನ್ನು ಬಿಡುವುದೆಂದು ನಂಬುವುದು ಹೇಗೆ?

ಆಹಾರ ಬಿಡುವುದು, ಮೈ ಬಿಸಿಯಾಗುವುದು, ವಸಡು ಬಿಳುಪೇರುವುದು, ಮೂತ್ರವು ಕಪ್ಪುಗೆಂಪಾಗುವುದು, ಎರಡು ಹೆಜ್ಜೆಗೆ ಕೂಡುವುದು — ಇವುಗಳಲ್ಲಿ ಒಂದನ್ನು ಕಂಡರೂ ಅಂದೇ ಪಶುವೈದ್ಯರಿಗೆ ತೋರಿಸತಕ್ಕದ್ದು. ಮೊದಲ ಹಂತದಲ್ಲಿ ಎರ್ಲಿಕಿಯಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ದುಬಾರಿಯ ಔಷಧವಲ್ಲ. ಆದರೆ ಅದನ್ನು ಸಾಮಾನ್ಯವಾಗಿ 28 ದಿನಗಳ ವರೆಗೆ ಕೊಡಬೇಕು. ಐದನೆಯ ದಿನ ನಾಯಿಯು ರೊಟ್ಟಿ ತಿಂದಿತೆಂದು ಗುಳಿಗೆಯನ್ನು ನಿಲ್ಲಿಸಿ, ಉಳಿದುದನ್ನು ಗೂಡಿನಲ್ಲಿ ಇಟ್ಟುಬಿಡುವವರೇ ಹೆಚ್ಚು. ತಿಂಗಳು ಕಳೆದ ಮೇಲೆ ಜ್ವರವು ಮರಳಿದರೆ ದೈವವನ್ನು ದೂರುವರು. ಉಣ್ಣಿಯ ನಿವಾರಣೆಯೂ ನಾಯಿಯ ಮೈಮೇಲೆ ಮಾತ್ರ ನಡೆದರೆ ಸಾಲದು. ಹೆಣ್ಣು ಉಣ್ಣಿಯೊಂದು ಸಾವಿರಾರು ಮೊಟ್ಟೆಗಳನ್ನು ಗೋಡೆಯ ಬಿರುಕಿನಲ್ಲಿ, ಕಟ್ಟಿಗೆಯ ಸಂದಿಯಲ್ಲಿ ಇಡುವುದರಿಂದ, ದನದ ಕೊಟ್ಟಿಗೆಯ ಬಿರುಕುಗಳನ್ನು ಮುಚ್ಚಿ ಸುಣ್ಣ ಬಳಿಯುವುದು ಅವಶ್ಯ. ಕೆಲವರು ಹತ್ತಿಗೆ ಸಿಂಪಡಿಸಿ ಉಳಿದ ಕೀಟನಾಶಕವನ್ನು ನೀರಿಗೆ ಬೆರಸಿ ನಾಯಿಯ ಮೈಗೆ ಹಚ್ಚುವರು. ಉಣ್ಣಿ ಸಾಯುವುದು ನಿಜ. ನಾಯಿಯೂ ಮೈ ನೆಕ್ಕಿಕೊಂಡು ಅದರ ಹಿಂದೆಯೇ ಹೋಗುವುದುಂಟು. ಕುರಿಗಳಿಗೆಂದು ತಂದ ಸೂಜಿಮದ್ದನ್ನು ಅಳತೆಯಿಲ್ಲದೆ ನಾಯಿಗೆ ಚುಚ್ಚುವುದೂ ಅಷ್ಟೇ ಅಪಾಯಕರ.

ವಿಷದ ಮಾತು ಬಂದುದರಿಂದ ಅದನ್ನೂ ಸ್ವಲ್ಪ ವಿಚಾರಿಸಬೇಕು, ಏಕೆಂದರೆ ಈ ಬಾಬಿನಲ್ಲಿ ಅಪರಾಧವು ಹೊಲದ ಒಡೆಯನದೇ ಆಗಿರುವುದು. ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿಯ ಬೆಳೆಗಳಿಗೆ ಬಳಸುವ ಆರ್ಗನೋಫಾಸ್ಫೇಟ್ ವರ್ಗದ ಔಷಧದ ಖಾಲಿ ಡಬ್ಬಿಗಳು ಬದುವಿನ ಮೇಲೆ ಬಿದ್ದಿರುವುವು. ಔಷಧ ಕಲಸಿದ ಬಕೀಟಿನಲ್ಲಿಯೇ ಮಳೆನೀರು ನಿಲ್ಲುವುದು. ಅದನ್ನು ಕುಡಿದ ನಾಯಿಗೆ ಬಾಯಿಂದ ಜೊಲ್ಲು ಹರಿಯುವುದು, ಕಣ್ಣಿನ ಪಾಪೆಯು ಸೂಜಿಯ ಮೊನೆಯಷ್ಟಾಗುವುದು, ಮೈಯೆಲ್ಲ ನಡುಗುವುದು. ಇದಕ್ಕೆ ಅಟ್ರೋಪಿನ್ ಎಂಬ ಸೂಜಿಮದ್ದು ಉಂಟು. ಬೇಗ ಕೊಟ್ಟರೆ ಪ್ರಾಣ ಉಳಿಯುವ ಆಸೆಯುಂಟು, ವೆಚ್ಚವೂ ದೊಡ್ಡದಲ್ಲ. ಯಾವ ಔಷಧವೆಂದು ವೈದ್ಯರು ತಿಳಿಯುವಂತೆ ಡಬ್ಬಿಯನ್ನು ಜೊತೆಗೆ ಒಯ್ಯತಕ್ಕದ್ದು. ಇಲಿಗಳಿಗೆ ಇಡುವ ಜಿಂಕ್ ಫಾಸ್ಫೈಡಿಗೆ ಮಾತ್ರ ಗೊತ್ತಾದ ಪ್ರತಿವಿಷವಿಲ್ಲ. ಆದಕಾರಣ ಆ ಮದ್ದನ್ನು ಬಿಲದೊಳಗೆ ಹಾಕಿ ಬಾಯಿ ಮುಚ್ಚದೆ, ಹಿಟ್ಟಿನುಂಡೆ ಮಾಡಿ ಬದುವಿನ ಮೇಲೆ ಇಡುವವನು ನೆರೆಯವನ ನಾಯಿಯನ್ನು ಬೇಕೆಂದೇ ಕೊಂದಂತೆ.

ಮರಿಗಳಿಗೆ ಬರುವ ಪಾರ್ವೋ ಜಾಡ್ಯವು 1978ರ ಸುಮಾರಿಗೆ ಜಗತ್ತಿನಲ್ಲಿ ಹೊಸದಾಗಿ ಕಾಣಿಸಿಕೊಂಡು ಬೇಗನೆ ಎಲ್ಲ ಕಡೆಗೂ ಹಬ್ಬಿತು. ವಾಂತಿ, ದುರ್ನಾತದ ರಕ್ತಭೇದಿ, ಎರಡು ಮೂರು ದಿನಗಳಲ್ಲಿ ಮೈಯ ನೀರೆಲ್ಲ ಬತ್ತಿ ಸಾವು. ಉಪಚಾರವಿಲ್ಲದ ಮರಿಗಳಲ್ಲಿ ಬಹುಭಾಗ ಸಾಯುವುವು. ರಕ್ತನಾಳದ ಮೂಲಕ ನೀರು ಲವಣಗಳನ್ನು ಏರಿಸಿದರೆ ಬಹುಭಾಗ ಬದುಕುವುವು. ಆ ಉಪಚಾರಕ್ಕೆ ದಿನಗಟ್ಟಲೆ ವೆಚ್ಚವಾಗುವುದು. ಆರರಿಂದ ಎಂಟು ವಾರದ ಮರಿಗೆ ಲಸಿಕೆಯನ್ನು ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆಯಂತೆ ಹದಿನಾರು ವಾರದ ವರೆಗೆ ಪೂರೈಸಿದ್ದರೆ ಆ ವೆಚ್ಚದ ಪ್ರಸಂಗವೇ ಬಹುಶಃ ಬರುತ್ತಿರಲಿಲ್ಲ.

ಹುಚ್ಚಿನ ಸಂಗತಿ ಬೇರೆ. ಇಲ್ಲಿ ಹಣವು ಏನನ್ನೂ ಮಾಡಲಾರದು. ಲಕ್ಷಣ ಕಂಡ ಮೇಲೆ ಹುಚ್ಚುನಾಯಿಯನ್ನು ಉಳಿಸುವ ಔಷಧವು ಲೋಕದಲ್ಲಿ ಇಲ್ಲ. ಅದು ಕಚ್ಚಿದ ಮನುಷ್ಯನಿಗೂ ಲಕ್ಷಣ ಕಂಡ ಮೇಲೆ ಇಲ್ಲವೆಂದೇ ಹೇಳಬಹುದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನರು ಇದರಿಂದ ಸಾಯುವರೆಂದು ಅಂದಾಜಿಸಿದ್ದಾರೆ. ಹುಚ್ಚುನಾಯಿಯೆಂದರೆ ಬೊಗಳುತ್ತ ಓಡಾಡಿ ಕಚ್ಚುವುದೆಂದೇ ಜನರು ತಿಳಿದಿರುವರು. ಆದರೆ ಮೂಕಹುಚ್ಚು ಎಂಬುದೂ ಉಂಟು. ಅದರಲ್ಲಿ ನಾಯಿಯು ಮೂಲೆಯಲ್ಲಿ ಸುಮ್ಮನೆ ಕೂಡುವುದು, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುವುದು, ನುಂಗಲಾರದು. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಭಾವಿಸಿ ಅದನ್ನು ಪ್ರೀತಿಸುವ ಯಜಮಾನನೇ ಬಾಯಿಯೊಳಗೆ ಕೈ ಹಾಕುವನು. ಈ ಒಂದು ತಪ್ಪು ತಿಳಿವಳಿಕೆಯನ್ನು ಊರಿನ ಹಿರಿಯರು ಚಾವಡಿಯಲ್ಲಿ ಕುಳಿತಾಗಲೆಲ್ಲ ಹೇಳಿ ಹೋಗಲಾಡಿಸತಕ್ಕದ್ದು. ಜೊಲ್ಲು ತಾಗಿದ ಇಲ್ಲವೆ ಕಚ್ಚಿದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ಮಿನಿಟು ತೊಳೆದು, ಅಂದೇ ಸರಕಾರಿ ದವಾಖಾನೆಗೆ ಹೋಗಬೇಕು. ಮೆಣಸಿನಪುಡಿ ಮೆತ್ತುವುದರಿಂದ ಗಾಯ ಉರಿಯುವುದೇ ಹೊರತು ಬೇರೆ ಪ್ರಯೋಜನವಿಲ್ಲ.

ಇನ್ನು ವೆಚ್ಚದ ವಿಚಾರ. ವಯಸ್ಸಿಗೆ ಬಂದ ನಾಯಿಗೆ ವರ್ಷಕ್ಕೊಮ್ಮೆ ಹಾಕಿಸುವ ಹುಚ್ಚಿನ ಲಸಿಕೆ ಮತ್ತು ಇತರ ಜಾಡ್ಯಗಳ ಕೂಡುಲಸಿಕೆ, ಎರಡೂ ಸೇರಿ ಸಾಮಾನ್ಯವಾಗಿ ಒಂದು ಚೀಲ ಡಿ.ಎ.ಪಿ. ಗೊಬ್ಬರದ ಬೆಲೆಯನ್ನು ಮೀರಲಾರದು. ಜಾಡ್ಯ ಬಲಿತ ಮೇಲೆ ದೊಡ್ಡ ಊರಿನ ಖಾಸಗಿ ಚಿಕಿತ್ಸಾಲಯದಲ್ಲಿ ರಕ್ತಪರೀಕ್ಷೆ, ಚಿತ್ರಪರೀಕ್ಷೆ, ಒಳರೋಗಿಯಾಗಿ ಇಡುವುದು ಇವೆಲ್ಲ ಸೇರಿದರೆ ಕೆಲವು ಸಾವಿರಗಳಿಂದ ಹತ್ತಾರು ಸಾವಿರಗಳ ವರೆಗೆ ಹೋಗಬಹುದು. ಸರಕಾರದ ಪಶುಚಿಕಿತ್ಸಾಲಯದಲ್ಲಿ ನಾಯಿಯನ್ನೂ ನೋಡುವರು. ಆದರೆ ಅಲ್ಲಿಯ ಔಷಧ ಸಂಗ್ರಹವು ಮುಖ್ಯವಾಗಿ ದನಕುರಿಗಳಿಗಾಗಿ ಇರುವುದರಿಂದ ನಾಯಿಯ ಔಷಧವನ್ನು ಹೊರಗೆ ಕೊಳ್ಳಬೇಕಾಗುವುದು ವಿಶೇಷವಲ್ಲ. ಇದಕ್ಕಾಗಿ ವೈದ್ಯರೊಡನೆ ಜಗಳವಾಡುವುದು ಸಲ್ಲದು. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ವ್ಯವಸ್ಥೆಯುಂಟು. ಕಠಿಣ ಪ್ರಸಂಗಗಳಿಗೆ ಗದಗದಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿರುವುದು ನಮ್ಮ ಜಿಲ್ಲೆಯವರ ಭಾಗ್ಯ. ದನಕುರಿಗಳಿಗೆ ಸರಕಾರದ ಸಹಾಯಧನದಿಂದ ವಿಮೆ ಮಾಡಿಸುವಂತೆ ಹಿಂಡು ಕಾಯುವ ನಾಯಿಗೆ ಮಾಡಿಸಲು ಬರುವುದಿಲ್ಲ. ನೂರು ಕುರಿಗಳಿಗೆ ವಿಮೆಯುಂಟು, ಆ ನೂರನ್ನೂ ತೋಳನಿಂದ ಕಾಯುವ ಒಂದಕ್ಕೆ ಇಲ್ಲ. ಇದು ಯೋಜನೆ ಮಾಡುವವರು ಯೋಚಿಸತಕ್ಕ ಮಾತು.

ಆದುದರಿಂದ ಸದ್ಯಕ್ಕೆ ಒಕ್ಕಲಿಗನೇ ತನ್ನ ವಿಮೆಯನ್ನು ತಾನು ಮಾಡಿಕೊಳ್ಳಬೇಕು. ಪ್ರತಿ ರಾಶಿಯ ಕಾಲದಲ್ಲಿ ಆಯಗಾರರಿಗೂ ದೇವರಿಗೂ ಧಾನ್ಯವನ್ನು ತೆಗೆದಿಡುವ ಪದ್ಧತಿಯು ನಮ್ಮಲ್ಲಿ ಹಿಂದಿನಿಂದ ಬಂದುದು. ಅದರಂತೆಯೇ ಕಣ ಕಾಯ್ದ ನಾಯಿಯ ಹೆಸರಿನಲ್ಲಿ ಒಂದು ಚೀಲವೋ ಅರ್ಧ ಚೀಲವೋ ಜೋಳದ ಬೆಲೆಯನ್ನು ಬೇರೆ ಇಟ್ಟರೆ ಲಸಿಕೆಯ ವೆಚ್ಚ ಅದರಲ್ಲಿಯೇ ಕಳೆಯುವುದು. ಉಳಿದುದು ಮೂರು ನಾಲ್ಕು ವರ್ಷಗಳಲ್ಲಿ ಒಂದು ದೊಡ್ಡ ಜಾಡ್ಯಕ್ಕೆ ಆಧಾರವಾಗುವುದು. ಈ ಹಣವು ಇದ್ದಲ್ಲಿ ಮೊದಲನೆಯ ಸಂಜೆಯೇ ಹೊರಡಲು ಕಾಲು ಹಿಂಜರಿಯದು. ವಿವಾದವು ಮನೆಯೊಳಗೂ ಹುಟ್ಟದು, ಹೊರಗೂ ಹುಟ್ಟದು.

ಇಷ್ಟಾದರೂ ಹಣವು ಸಾಲದ ದಿನ ಬರುವುದುಂಟು. ಆಗ ಯಜಮಾನನು ವೈದ್ಯರನ್ನು ನಾಚದೆ ಕೇಳತಕ್ಕ ಪ್ರಶ್ನೆಗಳು ಇವೆ: ಜಾಡ್ಯ ಯಾವುದು, ಬದುಕುವ ಸಂಭವ ಎಷ್ಟು, ಕೊನೆಯ ವರೆಗೆ ಒಟ್ಟು ವೆಚ್ಚ ಎಷ್ಟಾದೀತು, ಬದುಕಿದರೆ ಮತ್ತೆ ಓಡಾಡೀತೇ. ಉತ್ತರ ಕೇಳಿ, ಇಂತಿಷ್ಟರ ವರೆಗೆ ಎಂದು ಮನಸ್ಸಿನಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. ಬಡ್ಡಿಯ ಸಾಲ ತಂದು ಆ ಗೆರೆಯನ್ನು ದಾಟುವುದು ಮನೆಗೆ ಹಿತವಲ್ಲ. ಗೆರೆಯಲ್ಲಿ ನಿಂತ ಒಕ್ಕಲಿಗನನ್ನು ಕಲ್ಲೆದೆಯವನೆಂದು ಕರೆಯುವುದು ಅನ್ಯಾಯ. ಅವನು ಬಿತ್ತನೆಗೂ ಮಕ್ಕಳ ಶಾಲೆಗೂ ಹಣ ಹೊಂದಿಸಬೇಕಾದವನು. ಗುಣವಾಗದ ಜಾಡ್ಯವೆಂದು ವೈದ್ಯರು ನಿಶ್ಚಯಿಸಿ ನೋವಿಲ್ಲದ ಮರಣವನ್ನು ಕೊಡಲು ಸಲಹೆ ಮಾಡಿದರೆ ಅದನ್ನು ಒಪ್ಪುವುದು ಪಾಪವಲ್ಲ. ಪಾಪವಾವುದೆಂದರೆ, ಸಾಯುವ ನಾಯಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಕೆರೆಯ ಏರಿಯ ಮೇಲೋ ಗುಡ್ಡದ ದಾರಿಯಲ್ಲೋ ಬಿಟ್ಟು ಬರುವುದು. ಸಾಕಿದ ಪ್ರಾಣಿಯನ್ನು ಹಸಿವೆ ನೀರಡಿಕೆಗಳಿಗೆ ಈಡುಮಾಡಿ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯಂತೆ ಅಪರಾಧವೂ ಹೌದು. ಬಿಟ್ಟುಬಂದದ್ದು ಮೂಕಹುಚ್ಚಿನ ನಾಯಿಯಾಗಿದ್ದರೆ ಅದು ಊರಿಗೇ ಗಂಡಾಂತರ. ಇಂಥ ಸಂಗತಿ ತಿಳಿದಾಗ ಊರಿನ ಪ್ರಮುಖರು ಸುಮ್ಮನಿರಲಾಗದು.

ಮನೆಯಲ್ಲಿ ನಾಯಿ ಸತ್ತಾಗ ಮಕ್ಕಳೂ ಮುದುಕರೂ ಎರಡು ದಿನ ಉಣ್ಣದಿರುವುದನ್ನು ಕಂಡವರು ಬಹಳ. ಹೊಲದಲ್ಲಿ ಒಬ್ಬನೇ ಇರುವ ಮುದುಕನಿಗೆ ಅದು ಮಾತನಾಡುವ ಸಂಗಾತಿ. ಅಂಥವನಿಗೆ ಮರುದಿನವೇ ಇನ್ನೊಂದು ಮರಿಯನ್ನು ತಂದುಕೊಡುವುದಾಗಿ ಹೇಳುವುದು ಸಮಾಧಾನವಾಗದು. ಹೂಳಲು ಒಂದು ಕುಣಿ ತೋಡಿಕೊಟ್ಟರೆ ಸಾಕು. ಕುಣಿಯು ಆಳವಾಗಿರಲಿ, ಬಾವಿಗೂ ಹಳ್ಳಕ್ಕೂ ದೂರವಿರಲಿ. ಪಾರ್ವೋದಿಂದ ಸತ್ತ ಮರಿಯಾಗಿದ್ದರೆ ಅದು ಮಲಗಿದ್ದ ಚೀಲವನ್ನು ಸುಟ್ಟು, ಆ ಸ್ಥಳಕ್ಕೆ ಬ್ಲೀಚಿಂಗ್ ಪುಡಿಯ ನೀರನ್ನು ಹಾಕಬೇಕು. ಆ ವಿಷಾಣುವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುವುದರಿಂದ ಹೊಸ ಮರಿಯನ್ನು ತರಲು ಅವಸರ ಬೇಡ.

ಲಸಿಕೆಯ ದಿನವನ್ನು ಗೊತ್ತುಮಾಡುವಲ್ಲಿಯೂ ಊರಿನ ಹಿರಿಯರ ವಿವೇಕವು ಬೇಕಾಗುವುದು. ಲೂಯಿ ಪಾಶ್ಚರರು ತೀರಿಕೊಂಡ ಸೆಪ್ಟೆಂಬರ್ 28ನೆಯ ತಾರೀಖನ್ನು ಹುಚ್ಚುನಾಯಿ ಜಾಡ್ಯದ ವಿರುದ್ಧದ ದಿನವೆಂದು ಲೋಕದಲ್ಲೆಲ್ಲ ಆಚರಿಸುವರು. ಆ ಸಮಯದಲ್ಲಿ ನಾಯಿಗಳಿಗೆ ಉಚಿತ ಲಸಿಕೆಯನ್ನು ಹಾಕುವ ಶಿಬಿರಗಳೂ ನಡೆಯುವುವು. ಆದರೆ ಡಂಬಳದ ಸೀಮೆಯಲ್ಲಿ ಅದು ಹಿಂಗಾರಿಯ ಬಿತ್ತನೆಗೆ ಹೊಲ ಹದಮಾಡುವ ಕಾಲ. ನಾಯಿಗಳೂ ಯಜಮಾನರ ಹಿಂದೆ ಹೊಲದಲ್ಲಿಯೇ ಇರುವುವು, ಶಿಬಿರದ ಮೇಜಿನ ಬಳಿ ಬರುವುವು ಕೆಲವೇ. ಕಾಲುಬಾಯಿ ಬೇನೆಯ ಲಸಿಕೆಗಾಗಿ ಪಶುವೈದ್ಯ ಖಾತೆಯ ಸಿಬ್ಬಂದಿಯು ವರ್ಷಕ್ಕೆರಡು ಸಲ ಮನೆಮನೆಗೆ ಬರುವುದುಂಟಷ್ಟೆ. ಅದೇ ಸುತ್ತಿನಲ್ಲಿ ಒಂದು ಸಲ ನಾಯಿಗಳ ಲಸಿಕೆಯನ್ನೂ ತರುವಂತೆ ಗ್ರಾಮ ಪಂಚಾಯತಿಯವರು ಮೊದಲೇ ಬರೆದು ಕೇಳಿಕೊಂಡು, ಮನೆಗೊಂದರಂತೆ ನಾಯಿಗಳ ಎಣಿಕೆಯನ್ನು ಕೊಟ್ಟರೆ ಕೆಲಸವು ಸುಲಭವಾಗುವುದು. ಗುಡ್ಡದ ಕೆಳಗೆ ತಂಗಿರುವ ಕುರಿಹಟ್ಟಿಗಳನ್ನು ಆ ಎಣಿಕೆಯಲ್ಲಿ ಮರೆಯಬಾರದು. ಅಂದು ಬೆಳಿಗ್ಗೆ ನಾಯಿಗಳನ್ನು ಕಟ್ಟಿಹಾಕಿರಬೇಕು. ಸೂಜಿ ಚುಚ್ಚುವಾಗ ಅದರ ತಲೆಯನ್ನು ಹಿಡಿಯುವವನು ದಿನವೂ ಅದಕ್ಕೆ ರೊಟ್ಟಿ ಹಾಕುವವನೇ ಆಗಿರಬೇಕು. ಬಾಯಿಗೆ ಒಂದು ಮೆತ್ತನೆಯ ಬಟ್ಟೆಯ ಪಟ್ಟಿಯನ್ನು ಸುತ್ತಿ ಕಿವಿಯ ಹಿಂದೆ ಗಂಟು ಹಾಕಿದರೆ ಸಾಕಾಗುವುದು.